ಊದದ ಸೀಟಿ

ನನ್ನ ಚಿಕ್ಕಮ್ಮನಿಗೆ ಅರವತ್ತೆಂಟು. ದಿನಾ ಬೆಳಗ್ಗೆ ಒಂಟಿಕಾಲಲ್ಲಿ ನಿಂತು ಹಲ್ಲುಜ್ಜುತ್ತಾಳೆ. ಮೇಲಿನ ಸಾಲು ಮುಗಿಯುವ ತನಕ ಬಲಗಾಲು, ಕೆಳಗಿನ ಸಾಲಿಗೆ ಎಡಗಾಲು. ಗೋಡೆಗೆ ಬೆರಳ ತುದಿ ತಾಗಿದರೂ ಅವಳ ಮಟ್ಟಿಗೆ ಅದು ಸೋಲು, ಮೊದಲಿನಿಂದ ಶುರು ಮಾಡುತ್ತಾಳೆ. ನೋಡಿದವರು ‘ಎಷ್ಟು ಚೆನ್ನಾಗಿ ಆರೋಗ್ಯ ಕಾಪಾಡಿಕೊಂಡಿದ್ದಾರೆ’ ಎಂದು ಹೊಗಳುತ್ತಾರೆ. ಆರೋಗ್ಯವೂ ಇಲ್ಲ, ಮಣ್ಣೂ ಇಲ್ಲ. ಅದು ಹಗೆ. ಒಬ್ಬ ಗಂಡಸು ಭೂಮಿಯ ಮೇಲೆ ಎಲ್ಲಿಯವರೆಗೆ ನೆಟ್ಟಗೆ ನಿಂತಿರುತ್ತಾನೋ ಅದಕ್ಕಿಂತ ಒಂದು ದಿನವಾದರೂ ಹೆಚ್ಚು ನಿಲ್ಲಬೇಕು ಎಂಬ ಹಟ. ನನಗೆ ಈ ಹಟ ಇಷ್ಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದಿ ನನ್ನನ್ನು ಪಕ್ಷಪಾತಿ ಎನ್ನುವವರಿಗೆ ಕೆಲಸ ಕಡಿಮೆಯಾಗಲಿ.

ಚಿಕ್ಕಮ್ಮ ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ಅವಳ ಡಿಪೋದಲ್ಲಿ ಆಗ ಹೆಂಗಸರೆಂದರೆ ಇಬ್ಬರೇ. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ, ಕಂಬಿ ಹಿಡಿಯೋಣವೆಂದರೆ ದೇವರು ಮೂರನೇ ಕೈ ಕೊಟ್ಟಿಲ್ಲ. ಪಾದ ಸ್ವಲ್ಪ ಅಗಲ, ಮಂಡಿ ಸಡಿಲ, ಸೊಂಟ ಸೀಟಿನ ಮೂಲೆಗೆ ಆನಿಸಿ ನಿಂತರೆ ಬಸ್ಸು ಯಾವ ಗುಂಡಿಗೆ ಇಳಿದರೂ ಅವಳು ಅಲುಗುತ್ತಿರಲಿಲ್ಲ. “ಡ್ರೈವರ್ ಬ್ರೇಕ್ ಒತ್ತೋ ಮುಂಚೆ ಬಲಭುಜ ಒಂಚೂರು ಇಳಿಯುತ್ತೆ ಕಣೇ. ಅಷ್ಟು ಕಂಡ್ರೆ ನನಗೆ ಸಾಕು,” ಎನ್ನುತ್ತಾಳೆ. ನಾನು ಐದು ವರ್ಷ ಕಾಲೇಜಿನಲ್ಲಿ ಓದಿ ಕಲಿತದ್ದನ್ನು ಅವಳ ಕಾಲು ಮೊದಲೇ ಕಲಿತಿತ್ತು.

ನಾನು ಓದಿದ್ದು ಫಿಸಿಯೋಥೆರಪಿ. ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ, ಹಿಂದೆ ಔಷಧಿಯ ಪೆಟ್ಟಿಗೆಗಳನ್ನು ಪೇರಿಸಿಡುತ್ತಿದ್ದ ಕೆಳಗಿನ ಹಾಲಿನಲ್ಲಿ, ವಾರಕ್ಕೆ ಮೂರು ದಿನ ಬೆಳಗ್ಗೆ ಹತ್ತಕ್ಕೆ ಒಂದು ಕ್ಲಾಸು ನಡೆಸುತ್ತೇನೆ. ಅರವತ್ತು ದಾಟಿದವರಿಗೆ ಬೀಳದೆ ಇರುವುದನ್ನು ಕಲಿಸುವ ಕ್ಲಾಸು. ಹನ್ನೆರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಮರದ ಹಿಡಿ, ನೆಲದ ಮೇಲೆ ಉದ್ದಕ್ಕೆ ಅಂಟಿಸಿದ ನೀಲಿ ಟೇಪು. ಬಂದವರೆಲ್ಲ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ನಾನು ಡಾಕ್ಟರಲ್ಲ ಎಂದು ಹೇಳಿ ಹೇಳಿ ಬಾಯಿ ನೋವು ಬಂದದ್ದೇ ಲಾಭ.

ಕ್ಲಾಸಿಗೆ ಬರುವವರಲ್ಲಿ ಬಿದ್ದವರು ಯಾರೂ ಇಲ್ಲ. ಮೊದಲ ದಿನ ಕೇಳಿ ನೋಡಿ: “ಈ ವರ್ಷ ಎಲ್ಲಾದ್ರೂ ಬಿದ್ದಿದ್ರಾ?” “ಬೀಳ್ಲಿಲ್ಲಮ್ಮ, ಹಾಗೇ ಕೂತ್ಕೊಂಡೆ.” “ಬಿದ್ದೆ ಅಂತ ಯಾರು ಹೇಳಿದ್ದು? ನೆಲ ಒದ್ದೆ ಇತ್ತು.” ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಮೊಣಕೈ ನೀಲಿಯಾಗಿರುತ್ತದೆ, ಹಣೆಯ ಮೇಲೆ ಹೊಲಿಗೆ ಇರುತ್ತದೆ, ಆದರೂ ಬಿದ್ದಿಲ್ಲ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು, ಎಡವಿದ ಕಾಲೇ ಎಡವುವುದು. ಅದಕ್ಕಿಂತ ಕೆಟ್ಟದ್ದು ಹೆದರಿಕೆ. ಬಿದ್ದೇನೆಂದು ಹೆದರಿ ನಡೆಯುವುದನ್ನೇ ಬಿಡುತ್ತಾರೆ, ನಡೆಯದೆ ಕಾಲು ಸೋಲುತ್ತದೆ, ಸೋತ ಕಾಲು ನಿಜವಾಗಿ ಬೀಳಿಸುತ್ತದೆ.

ದೀಪದ ಬುಡದಲ್ಲೇ ಕತ್ತಲೆ. ನನ್ನ ಅಮ್ಮ, ಎಂದರೆ ಚಿಕ್ಕಮ್ಮನ ಅಕ್ಕ, ಎಪ್ಪತ್ತೆರಡರ ಹೆಂಗಸು, ಎರಡು ವರ್ಷದ ಹಿಂದೆ ಅಡುಗೆಮನೆಯಲ್ಲಿ ಜಾರಿ ಕುಳಿತವಳು ಅಂದಿನಿಂದ ನಮ್ಮ ಎರಡನೇ ಮಹಡಿಯ ಮನೆಯಿಂದ ಕೆಳಗಿಳಿದಿಲ್ಲ. ಮೂಳೆ ಮುರಿದಿರಲಿಲ್ಲ. ಮುರಿದದ್ದು ಧೈರ್ಯ. ಮೂವತ್ತೆರಡು ಮೆಟ್ಟಿಲು, ಲಿಫ್ಟ್ ಇಲ್ಲ. “ನನ್ನ ಕ್ಲಾಸಿಗೆ ಬಾಮ್ಮ,” ಎಂದರೆ ಒಂದೇ ಉತ್ತರ: “ಅವಳು ನಿಂತಿರೋ ಜಾಗಕ್ಕೆ ನಾನು ಬರಲ್ಲ.” ಅವಳು ಎಂದರೆ ಚಿಕ್ಕಮ್ಮ. ಮೂರು ವರ್ಷದಿಂದ ಚಿಕ್ಕಮ್ಮ ನನ್ನ ಕ್ಲಾಸಿನಲ್ಲಿ ಸಹಾಯಕ್ಕೆ ನಿಲ್ಲುತ್ತಿದ್ದಾಳೆ. ಕೇಂದ್ರದವರು ಆಳು ಕೊಡಲಿಲ್ಲ, ನಿವೃತ್ತಿಯಾದ ಅವಳಿಗೆ ಮನೆಯಲ್ಲಿ ಕೂತು ಹೊತ್ತು ಹೋಗುತ್ತಿರಲಿಲ್ಲ. ಅವಳು ಬಂದ ಮೇಲೆ ಕ್ಲಾಸಿನ ಭಾಷೆಯೇ ಬದಲಾಯಿತು. ನಾನು ‘ನಿಧಾನವಾಗಿ ಮುಂದಕ್ಕೆ ಹೆಜ್ಜೆ ಇಡಿ’ ಎಂದರೆ ಅಲ್ಲಾಡದವರು ಅವಳು “ರೈಟ್, ರೈಟ್!” ಎಂದು ಕೂಗಿದರೆ ಹೊರಡುತ್ತಾರೆ. “ಹೋಲ್ಡಾನ್!” ಎಂದರೆ ನಿಲ್ಲುತ್ತಾರೆ. ಅವಳಿಗೆ ಹೋಲ್ಡಾನಮ್ಮ ಎಂದೇ ಹೆಸರು ಬಿದ್ದಿದೆ.

ಅಮ್ಮನಿಗೂ ಚಿಕ್ಕಮ್ಮನಿಗೂ ಮೂವತ್ತೊಂದು ವರ್ಷದಿಂದ ಮಾತಿಲ್ಲ. ಯಾಕೆಂಬುದನ್ನು ಈಗ ಹೇಳಬೇಕು.

ಬಸ್ಸಿನ ಕಾನೂನು ಸರಳ. ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಎರಡು ಸೀಟಿ ಕೇಳದೆ ಡ್ರೈವರ್ ಗಾಡಿ ಕದಲಿಸುವ ಹಾಗಿಲ್ಲ. ಆದರೆ ಕೊನೆಯ ಟ್ರಿಪ್ಪು ಮುಗಿಸುವ ಅವಸರದ ಡ್ರೈವರುಗಳು ತಮ್ಮದೇ ಇನ್ನೊಂದು ಕಾನೂನು ಮಾಡಿಕೊಂಡಿದ್ದರು. ಪಕ್ಕದ ಕನ್ನಡಿಯಲ್ಲಿ ಬಾಗಿಲು ಖಾಲಿ ಕಂಡರೆ ಸಾಕು, ಸೀಟಿಗೆ ಕಾಯದೆ ಹೊರಟುಬಿಡುವುದು. ಚಿಕ್ಕಮ್ಮನ ಡ್ರೈವರ್ ಇದರಲ್ಲಿ ಪಳಗಿದವನು. ಕನ್ನಡಿ ನೋಡಿ ಗಾಡಿ ಓಡಿಸುತ್ತಿದ್ದ, ಅದೇ ಕನ್ನಡಿಯಲ್ಲಿ ತಲೆಯನ್ನೂ ಬಾಚುತ್ತಿದ್ದ. ಡಿಪೋದಲ್ಲಿ ಅವನನ್ನು ಕರೆಯುತ್ತಿದ್ದದ್ದೇ ಕನ್ನಡಿ ಎಂದು. ಬೇಕೆಂದೇ ಬ್ರೇಕ್ ಒತ್ತಿ ಲೇಡಿ ಕಂಡಕ್ಟರು ಯಾರ ತೊಡೆಯ ಮೇಲೆ ಬೀಳುತ್ತಾಳೆಂದು ಒಳಗಿನ ಕನ್ನಡಿಯಲ್ಲಿ ನೋಡಿ ನಗುವುದೂ ಅವನ ಚಾಳಿ. ಅವನ ಭುಜ ಓದಲು ಅವಳು ಕಲಿತದ್ದು ಹಾಗೆ.

ಒಂದು ಮಧ್ಯಾಹ್ನ ನನ್ನ ಅಜ್ಜಿ, ಅಮ್ಮ ತುಂಬಿಕೊಟ್ಟ ಒಂದು ಭಾರದ ಚೀಲ ಹಿಡಿದು, ಮಗಳದೇ ಬಸ್ಸಲ್ಲವೇ ಎಂದು ಹತ್ತಲು ಬಂದಳು. ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ನೆಲದ ಮೇಲಿದ್ದ ಚೀಲ ಎತ್ತಲು ಬಗ್ಗಿದಳು. ಕುಳ್ಳಗಿನ ಹೆಂಗಸು, ಬಗ್ಗಿದಾಗ ಕನ್ನಡಿಯಿಂದ ಮಾಯವಾದಳು. ಬಸ್ಸು ಹೊರಟಿತು. ಸೊಂಟದ ಮೂಳೆ ಎರಡು ತುಂಡು.

ವಿಚಾರಣೆಯಲ್ಲಿ ಕನ್ನಡಿ ಕೈ ಕಟ್ಟಿಕೊಂಡು ನಿಂತು “ಎರಡು ಸೀಟಿ ಕೇಳಿಸ್ತು ಸಾರ್, ಹೊರಟೆ,” ಎಂದ. ಬಸ್ಸಿನಲ್ಲಿದ್ದ ಮೂವರು ಪ್ರಯಾಣಿಕರೂ ಆಗ ಕಿಟಕಿಯ ಕಡೆ ನೋಡುತ್ತಿದ್ದರಂತೆ. ತಾಯಿಯನ್ನು ಕಂಡ ಗಡಿಬಿಡಿಯಲ್ಲಿ ಕಂಡಕ್ಟರ್ ಊದಿರಬೇಕು ಎಂದು ಅಧಿಕಾರಿ ಬರೆದ. ಚಿಕ್ಕಮ್ಮ ಆರು ತಿಂಗಳು ಸಸ್ಪೆಂಡ್ ಆದಳು. ಅದನ್ನು ಅವಳು ನುಂಗಿಕೊಂಡಳು. ನುಂಗಲಾಗದ್ದು ಮನೆಯಲ್ಲಿ ಸಿಕ್ಕಿತು. “ನಿನ್ನ ಸೀಟಿಗೆ ಅಮ್ಮ ಬಿದ್ದಳು,” ಎಂದಳು ನನ್ನ ಅಮ್ಮ, ಬಾಗಿಲಲ್ಲಿ ನಿಂತು, ನೆರೆಮನೆಯವರು ಕೇಳುವ ಹಾಗೆ. ಅಜ್ಜಿ ಹನ್ನೊಂದು ತಿಂಗಳು ನಮ್ಮ ಆಗಿನ ಹಳೆಯ ಮನೆಯಲ್ಲಿ ಮಲಗಿದಲ್ಲೇ ಇದ್ದು ತೀರಿಕೊಂಡಳು. ಆ ಹನ್ನೊಂದು ತಿಂಗಳೂ ಚಿಕ್ಕಮ್ಮ ಬಂದು ಬಟ್ಟೆ ಒಗೆದು ಹೋಗುತ್ತಿದ್ದಳು, ಹಿತ್ತಲ ಬಾಗಿಲಿಂದ. ಅಮ್ಮ ಅವಳನ್ನು ಒಳಕೋಣೆಗೆ ಬಿಡುತ್ತಿರಲಿಲ್ಲ. ನನಗಾಗ ಒಂಬತ್ತು ವರ್ಷ. ಅಜ್ಜಿಯನ್ನು ಬೀಳಿಸಿದ ಚಿಕ್ಕಮ್ಮ ಎಂದು ನಾನೂ ನಂಬಿದ್ದೆ, ಅವಳು ತಂದ ಬಳೆ ಹಾಕಿಕೊಳ್ಳಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ, ಯಾರ ಮೇಲೆಂದು ಕೇಳಬೇಡಿ.

ಮೂರ್ನಾಲ್ಕು ತಿಂಗಳ ಹಿಂದೆ ಒಂದು ಸೋಮವಾರ ನಮ್ಮ ಕ್ಲಾಸಿಗೆ ಹೊಸಬರೊಬ್ಬರನ್ನು ಸೊಸೆ ಕರೆದುಕೊಂಡು ಬಂದಳು. ಎಪ್ಪತ್ತಮೂರು ವಯಸ್ಸು. ಬಚ್ಚಲಲ್ಲಿ ಎರಡು ಸಲ ಬಿದ್ದಿದ್ದಾರೆ, ಈಗ ಮಂಚದಿಂದ ಬಾಗಿಲವರೆಗೂ ಒಬ್ಬರೇ ಹೋಗುವುದಿಲ್ಲ. “ಮಾವನಿಗೆ ಸ್ನಾನಕ್ಕೂ ನಾನೇ ಕೈ ಹಿಡೀಬೇಕು ಡಾಕ್ಟ್ರಮ್ಮ, ಅವರಿಗೆ ನಾಚಿಕೆ, ನನಗೂ ನಾಚಿಕೆ,” ಎಂದಳು ಪಾಪದ ಹೆಂಗಸು. ಮುದುಕರು ಕುರ್ಚಿಯ ಅಂಚಿನಲ್ಲಿ ಕೂತು ಜೇಬಿನಿಂದ ಬಾಚಣಿಗೆ ತೆಗೆದು, ಉಳಿದಿದ್ದ ನಾಲ್ಕು ಕೂದಲನ್ನು ಬಾಚಿಕೊಂಡರು.

ಹಿಂದೆ ಕುರ್ಚಿ ಜೋಡಿಸುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು.

ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನಾನು ಎಂದೂ ಕಾಣದ ಒಂದು ಸಂತೋಷವಿತ್ತು. “ದೇವ್ರು ಇದಾನೆ ಕಣೇ,” ಎಂದಳು. “ಅವನನ್ನ ನನಗೆ ಕೊಡು.”

“ಚಿಕ್ಕಮ್ಮ, ಅವರು ಪೇಷಂಟು.”

“ಗೊತ್ತು. ಅದಕ್ಕೇ ಕೇಳ್ತಿರೋದು.”

ಕೊಡಬಾರದಿತ್ತು. ನನ್ನ ವೃತ್ತಿಯಲ್ಲಿ ಇದು ತಪ್ಪು ಎಂದು ಮೊದಲ ವರ್ಷದ ಹುಡುಗಿಗೂ ಗೊತ್ತು. ನಾನು ಕೊಟ್ಟೆ.

ಮೊದಲ ಎರಡು ದಿನ ಅವರಿಗೆ ಗುರುತು ಸಿಗಲಿಲ್ಲ. ಖಾಕಿ ಇಲ್ಲ, ಜಡೆ ಇಲ್ಲ, ಕನ್ನಡಕ ಬಂದಿದೆ. ಮೂರನೇ ದಿನ ನೀಲಿ ಟೇಪಿನ ಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿ ನಡೆಯುತ್ತಿದ್ದಾಗ ಅವರ ಹಿಂದಿನಿಂದ “ಹೋಲ್ಡಾನ್!” ಎಂದು ಕೂಗು ಬಂತು. ನಲವತ್ತು ವರ್ಷ ಆ ಶಬ್ದಕ್ಕೆ ಒಗ್ಗಿದ ಬಲಗಾಲು ತಾನಾಗಿ ನೆಲ ಒತ್ತಿತು. ಕತ್ತು ಹೊರಳಿಸಿ ನೋಡಿದರು. ಮುಖದ ಬಣ್ಣ ಇಳಿಯಿತು.

“ನೀನಾ?”

“ನಾನೇ. ಕತ್ತು ತಿರುಗಿಸ್ಬೇಡಿ, ಬೀಳ್ತೀರಿ. ಕನ್ನಡಿ ಇಲ್ಲ ಇಲ್ಲಿ, ಮುಂದೆ ನೋಡ್ಕೊಂಡು ನಡೀರಿ.”

ಮುಂದಿನ ಕ್ಲಾಸಿಗೆ ಅವರು ಬರಲಿಲ್ಲ. ಒಂದು ವಾರ ಕಾದು ಚಿಕ್ಕಮ್ಮ ಅವರ ಮನೆಗೇ ಹೋದಳು. ಕ್ಲಾಸಿಗೆ ಬರುವವರ ಮನೆ ನೋಡಿ ಬೀಳುವ ಜಾಗಗಳನ್ನು ಸರಿಪಡಿಸುವುದು ನಮ್ಮ ಕೆಲಸದಲ್ಲೇ ಸೇರಿದೆ, ಹಾಗಾಗಿ ನಾನೂ ಜೊತೆಗೆ ಹೋದೆ. ಅವಳು ಅಲ್ಲಿ ಮಾಡಿದ್ದನ್ನು ದಾಳಿ ಎನ್ನಬೇಕು. ಮಂಚದ ಪಕ್ಕದ ಚಾಪೆ ಎಳೆದು ಸುರುಳಿ ಸುತ್ತಿದಳು. ಬಚ್ಚಲ ಬಾಗಿಲಿನ ಕಾಲೊರಸನ್ನು ಹೊರಗೆ ಎಸೆದಳು. ಅಲ್ಲಾಡುವ ಸ್ಟೂಲು, ನೆಲದ ಮೇಲೆ ಹಾವಿನ ಹಾಗೆ ಬಿದ್ದಿದ್ದ ಫ್ಯಾನಿನ ವಯರು, ಹಿಮ್ಮಡಿಯಿಲ್ಲದ ಸವೆದ ಚಪ್ಪಲಿ, ಎಲ್ಲಕ್ಕೂ ಅದೇ ಗತಿ. “ನಡುಮನೆಗೆ ಬಲ್ಬು ಹಾಕ್ಸಿ. ಬಚ್ಚಲಿಗೆ ಸ್ಟೀಲಿನ ಹಿಡಿ ಹಾಕ್ಸಿ, ಟವೆಲು ನೇತು ಹಾಕೋ ಸರಳಲ್ಲ, ಗೋಡೆಗೆ ಬೋಲ್ಟ್ ಹಾಕಿದ್ದು. ಹಾಸಿಗೆಯಿಂದ ಎದ್ದ ತಕ್ಷಣ ನಿಲ್ಲಕ್ಕೆ ಬಿಡ್ಬೇಡಿ, ಹತ್ತು ಎಣಿಸೋವರೆಗೆ ಕೂತಿರ್ಲಿ. ಬಿಪಿ ಮಾತ್ರೆಗೆ ತಲೆ ತಿರುಗುತ್ತಾ ಅಂತ ಡಾಕ್ಟ್ರನ್ನ ಕೇಳಿ,” ಎಂದು ಸೊಸೆಗೆ ಪಟ್ಟಿ ಒಪ್ಪಿಸಿದಳು. ಸೊಸೆ ಕೈ ಮುಗಿದಳು. ಇಷ್ಟು ಕಾಳಜಿ ಮಾಡುವವರನ್ನು ಅವಳು ಕಂಡೇ ಇರಲಿಲ್ಲವಂತೆ.

ಮುದುಕರು ಮಂಚದ ಮೇಲೆ ಗೋಡೆಗೆ ಒರಗಿ ಕೂತು ಇದನ್ನೆಲ್ಲ ಬೆದರುಗಣ್ಣಲ್ಲಿ ನೋಡುತ್ತಿದ್ದರು. ಸೊಸೆ ಟೀ ಮಾಡಲು ಒಳಗೆ ಹೋದಾಗ ತಗ್ಗಿದ ದನಿಯಲ್ಲಿ, “ನನ್ನನ್ನ ಸಾಯಿಸ್ತೀಯಾ?” ಎಂದು ಕೇಳಿದರು.

“ಛೆ,” ಎಂದಳು ಚಿಕ್ಕಮ್ಮ. “ಬದುಕಿಸ್ತೀನಿ. ನಾಳೆ ಹತ್ತಕ್ಕೆ ಬನ್ನಿ.”

ಅವರು ಬಂದರು. ಸೊಸೆಯ ಕೈ ಹಿಡಿಯದೆ ಬಚ್ಚಲಿಗೆ ಹೋಗುವ ಆಸೆ ಹೆದರಿಕೆಗಿಂತ ಒಂದು ಗುಲಗಂಜಿ ಹೆಚ್ಚಿತ್ತು. ಚಿಕ್ಕಮ್ಮ ಅವರನ್ನು ಅರೆದಳು. ಉಳಿದವರು ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದರೆ ಇವರಿಗೆ ಎಂಟು. ಉಳಿದವರು ಮರದ ಹಿಡಿ ಹಿಡಿದು ಒಂಟಿಕಾಲಲ್ಲಿ ನಿಂತರೆ ಇವರಿಗೆ ಒಂದೇ ಬೆರಳು. ಬದಿಗೆ ಹೆಜ್ಜೆ, ಹಿಂದಕ್ಕೆ ಹೆಜ್ಜೆ, ನಡೆಯುತ್ತಲೇ ಎಡಕ್ಕೂ ಬಲಕ್ಕೂ ಕತ್ತು. ತಪ್ಪಿದರೆ ಮೊದಲಿನಿಂದ. ಹೀಗಳೆಯುವುದೂ ಧಾರಾಳ: “ಏನ್ ಸಾರ್, ಬಸ್ಸು ಓಡಿಸೋರಿಗೆ ಎರಡು ಕಾಲು ಓಡ್ಸಕ್ಕಾಗಲ್ವಾ?” ಆದರೆ ಸೊಂಟಕ್ಕೆ ಕಟ್ಟಿದ ಪಟ್ಟಿಯಿಂದ ಅವಳ ಕೈ ಒಂದು ಕ್ಷಣವೂ ಬಿಡುತ್ತಿರಲಿಲ್ಲ, ಅದನ್ನು ನಾನು ಹದ್ದಿನ ಕಣ್ಣಲ್ಲಿ ಕಾಯುತ್ತಿದ್ದೆ. ಎರಡು ತಿಂಗಳಲ್ಲಿ ಅವರು ಕ್ಲಾಸಿನ ಎಲ್ಲರಿಗಿಂತ ಚೆನ್ನಾಗಿ ನಿಂತರು. ಸೊಸೆ ಬಂದು, ಮಾವ ಈಗ ಒಬ್ಬರೇ ಸ್ನಾನ ಮಾಡುತ್ತಾರೆಂದು ಅತ್ತೇಬಿಟ್ಟಳು.

ಕೊನೆಯಲ್ಲಿ ಒಂದು ಪರೀಕ್ಷೆ ಇದೆ. ಬೆನ್ನ ಹಿಂದೆ ನಿಂತವರ ಅಂಗೈಗೆ ಪೂರ್ತಿ ಭಾರ ಬಿಟ್ಟು ಹಿಂದಕ್ಕೆ ವಾಲಬೇಕು. ಅವರು ಹೇಳದೆ ಕೇಳದೆ ಕೈ ತೆಗೆಯುತ್ತಾರೆ. ವಾಲಿದವರು ಸರಕ್ಕನೆ ಒಂದು ಹೆಜ್ಜೆ ಹಿಂದಿಟ್ಟು ತಮ್ಮನ್ನು ತಾವೇ ಉಳಿಸಿಕೊಳ್ಳಬೇಕು, ಆಗದಿದ್ದರೆ ಹಿಂದಿನವರು ಹಿಡಿಯಬೇಕು. ಯಾವಾಗಲೂ ನಾನೇ ಮಾಡುವುದು.

“ಇವರದ್ದು ನಾನು ಮಾಡ್ತೀನಿ,” ಎಂದಳು ಚಿಕ್ಕಮ್ಮ.

ಬೇಡವೆನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ವಾಲಿಯಾಗಿತ್ತು. ಎಪ್ಪತ್ತು ಕಿಲೋ ಕನ್ನಡಿ ನನ್ನ ಚಿಕ್ಕಮ್ಮನ ಎರಡು ಅಂಗೈ ಮೇಲೆ ಇತ್ತು. ಹಿಂದೆ ಬರಿಯ ಸಿಮೆಂಟಿನ ನೆಲ. ನಾನು ಎರಡು ಹೆಜ್ಜೆ ಹತ್ತಿರ ಹೋಗಿ ನಿಂತೆ. ಅವಳು ಅವರ ಕಿವಿಯ ಹತ್ತಿರ ಬಾಯಿ ತಂದು ಕೇಳಿದಳು:

“ಅವತ್ತು ಸೀಟಿ ಕೇಳಿಸ್ತಾ?”

ಅವರ ಕೈ ಪಕ್ಕದಲ್ಲಿ ಮರದ ಹಿಡಿಗಾಗಿ ತಡಕಾಡಿತು, ಸಿಗಲಿಲ್ಲ.

“ಅವಸರ ಇಲ್ಲ. ನನ್ನ ಕೈ ಗಟ್ಟಿ ಇದೆ. ಎಷ್ಟು ಹೊತ್ತು ಬೇಕಾದ್ರೂ ಹಿಡ್ಕೊಂಡಿರ್ತೀನಿ.”

“ಇಲ್ಲ,” ಎಂದರು ಅವರು. ದನಿ ನೂಲಿನಷ್ಟು ತೆಳು. “ಸೀಟಿ ಇರ್ಲಿಲ್ಲ. ಕನ್ನಡೀಲಿ ಬಾಗಿಲು ಖಾಲಿ ಕಾಣಿಸ್ತು. ಅವರು ಬಗ್ಗಿದ್ದು ನನಗೆ ಕಾಣ್ಲಿಲ್ಲ. ಮಕ್ಕಳು ಚಿಕ್ಕವ್ರು, ಕೆಲಸ ಹೋಗುತ್ತೆ ಅಂತ...”

ಚಿಕ್ಕಮ್ಮ ಕೈ ತೆಗೆದಳು. ಅವರ ಎಡಗಾಲು ಮಿಂಚಿನ ಹಾಗೆ ಹಿಂದಕ್ಕೆ ಹೋಗಿ ನೆಲ ಹಿಡಿಯಿತು. ನಿಂತರು. ಎರಡು ತಿಂಗಳ ಹಿಂದೆ ಆಗಿದ್ದರೆ ತಲೆ ಒಡೆಯುತ್ತಿತ್ತು.

“ಪಾಸು,” ಎಂದಳು ಅವಳು.

ಆಮೇಲೆ ನಾನು ಚಿಕ್ಕಮ್ಮನಿಗೆ ಬೈದೆ. ಅವರು ಬಿದ್ದಿದ್ದರೆ ಏನು ಗತಿ ಎಂದೆ. “ಬೀಳ್ಸಿದ್ರೆ ನನಗೇನು ಬಂತು?” ಎಂದಳು. “ಮುರಿದ ಸೊಂಟ ಎರಡನೇ ಮಹಡಿ ಹತ್ತುತ್ತಾ? ಅವನು ನನಗೆ ಹೇಳಿದ್ದು ಯಾವ ಲೆಕ್ಕಕ್ಕೆ, ನನಗೆ ಗೊತ್ತಿರೋದನ್ನ ನನಗೇ ಹೇಳೋದಾ? ನಿಮ್ಮಮ್ಮನ ಮುಂದೆ ಹೋಗಿ ಹೇಳ್ಬೇಕು. ಅವಳಂತೂ ಕೆಳಗೆ ಇಳಿಯಲ್ಲ. ಇವನನ್ನ ಹತ್ತಿಸ್ತೀನಿ.” ಆಗ ನನಗೆ ತಿಳಿಯಿತು. ಎರಡು ತಿಂಗಳು ಅವಳು ಕನ್ನಡಿಯ ಕಾಲು ಗಟ್ಟಿ ಮಾಡಿದ್ದು ನಮ್ಮ ಮನೆಯ ಮೂವತ್ತೆರಡು ಮೆಟ್ಟಿಲಿಗಾಗಿ.

ಮೂರು ವಾರ ಮೆಟ್ಟಿಲಿನ ತಾಲೀಮು ನಡೆಯಿತು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು, ಕೈ ಯಾವಾಗಲೂ ಕಂಬಿಯ ಮೇಲೆ. ಓದುವ ಕನ್ನಡಕ ಜೇಬಿಗೆ, ಅದರಲ್ಲಿ ನೋಡಿದರೆ ಮೆಟ್ಟಿಲಿನ ಅಂಚು ಈಜುತ್ತದೆ. ಅವರು ಯಾಕೆಂದು ಒಮ್ಮೆ ಕೇಳಿದರು, ಚಿಕ್ಕಮ್ಮ ಹೇಳಿದಳು. ಅವರು ಇನ್ನೊಂದು ಮೆಟ್ಟಿಲು ಹತ್ತಿ ನಿಂತು, “ಒಂದೇ ಸಲ ತಾನೇ?” ಎಂದರು.

“ಒಂದೇ ಸಲ. ಗಟ್ಟಿಯಾಗಿ.”

ಒಂದು ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ನಾವು ಮೂವರೂ ಹತ್ತಿದೆವು. ಮುಂದೆ ನಾನು, ನಡುವೆ ಅವರು, ಅವರ ಸೊಂಟದ ಪಟ್ಟಿ ಹಿಡಿದು ಚಿಕ್ಕಮ್ಮ. ಹದಿನಾರನೇ ಮೆಟ್ಟಿಲ ಹತ್ತಿರ ನಿಂತು ಅವರು ಉಸಿರು ತೆಗೆದುಕೊಂಡರು. ಚಿಕ್ಕಮ್ಮ ಏನೂ ಚುಚ್ಚಲಿಲ್ಲ. ಅವಳ ಮೇಲ್ತುಟಿಯ ಮೇಲೆ ಬೆವರಿತ್ತು. ಈ ಮನೆಗೆ ಅವಳು ಒಮ್ಮೆಯೂ ಕಾಲಿಟ್ಟವಳಲ್ಲ.

ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ತಂಗಿಯನ್ನು ಕಂಡು ಮುಖ ಗಂಟು ಹಾಕಿದಳು. ಎದ್ದು ಒಳಗೆ ಹೋಗೋಣವೆಂದರೆ ಕೈ ಹಿಡಿದು ಎಬ್ಬಿಸುವವರು ಬೇಕು. ನಾನು ಅಲ್ಲೇ ನಿಂತಿದ್ದೆ, ಎಬ್ಬಿಸಲಿಲ್ಲ.

“ಹೇಳಿ,” ಎಂದಳು ಚಿಕ್ಕಮ್ಮ.

ಅವರು ಕುಳಿತುಕೊಳ್ಳಲಿಲ್ಲ. ಯಾರನ್ನೂ ಹಿಡಿಯದೆ, ಎರಡು ಪಾದ ಅಗಲಿಸಿ, ಕಲಿಸಿದ ಹಾಗೆ ನಿಂತರು. “ನಾನು ಆ ಬಸ್ಸಿನ ಡ್ರೈವರಮ್ಮ. ನಿಮ್ಮ ತಾಯಿ ಬಿದ್ದ ದಿನ ಇವರು ಸೀಟಿ ಊದಿರ್ಲಿಲ್ಲ. ಸೀಟಿ ಇಲ್ದೆ ಗಾಡಿ ತೆಗೆದೆ. ಇವರ ಮೇಲೆ ಸುಳ್ಳು ಹೇಳಿದೆ. ಇವರದು ಏನೂ ತಪ್ಪಿಲ್ಲ.”

ಚಿಕ್ಕಮ್ಮ ತನ್ನ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಕಾದದ್ದು ಈ ಮುಖ ಒಡೆಯುವುದನ್ನು ನೋಡಲು. ಅಳುತ್ತಾಳೋ, ತಲೆ ತಗ್ಗಿಸುತ್ತಾಳೋ, ಕಾಲಿಗೆ ಬೀಳುತ್ತಾಳೋ, ಏನಾದರೂ ಸರಿ.

ಅಮ್ಮ ಕಿಟಕಿಯ ಕಡೆ ತಿರುಗಿದಳು. “ಗೊತ್ತು,” ಎಂದಳು.

“ಏನ್ ಗೊತ್ತು?” ಎಂದೆ ನಾನು.

“ಊದಿರ್ಲಿಲ್ಲ ಅಂತ. ಅಮ್ಮ ಹೇಳಿದ್ಲು. ಮಲಗಿ ಆರು ತಿಂಗಳಾಗಿತ್ತು, ಒಂದಿನ ತಲೆ ಬಾಚ್ತಿರೋವಾಗ ಹೇಳಿದ್ಲು. ‘ಅವಳ ಬಾಯಲ್ಲಿ ಸೀಟಿ ಇರ್ಲಿಲ್ಲ ಕಣೇ. ಅಮ್ಮಾ ನಿಧಾನ, ಅಮ್ಮಾ ನಿಧಾನ ಅಂತ ಕೂಗ್ತಾ ಇದ್ಲು. ಕೂಗೋ ಬಾಯಿ ಹೇಗೆ ಊದುತ್ತೆ’ ಅಂತ.”

ಚಿಕ್ಕಮ್ಮ ಪಕ್ಕದ ಮೇಜಿನ ಅಂಚು ಹಿಡಿದುಕೊಂಡಳು. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದವಳು ಮೇಜು ಹಿಡಿದದ್ದನ್ನು ನಾನು ನೋಡಿದೆ.

“ಮತ್ತೆ ಯಾಕಕ್ಕ?”

ಅಮ್ಮನಿಗೆ ಈಗ ಅಳು ಬಂತು. “ಆ ಚೀಲ ತುಂಬಿದ್ದು ನಾನು. ಅಷ್ಟು ಭಾರ ಮಾಡ್ಬೇಡ ಅಂದ್ಲು, ಕೇಳ್ಲಿಲ್ಲ. ಜೊತೆಗೆ ಬರ್ತೀನಿ ಅಂದಿದ್ದೆ, ಸೋಮಾರಿತನ, ನಿನ್ನ ಬಸ್ಸೇ ಅಲ್ವಾ ಅಂತ ಒಬ್ಬಳನ್ನೇ ಕಳಿಸ್ದೆ. ನಿನ್ನ ತಪ್ಪಲ್ಲ ಅಂತಾದ್ರೆ ಅದು ಯಾರ ತಪ್ಪಾಗ್ತಿತ್ತು? ಹೇಳೋಣ ಹೇಳೋಣ ಅಂದ್ಕೊಂಡು ದಿನ ಹೋಯ್ತು. ಆಮೇಲೆ ಹೇಳಕ್ಕೆ ಬಾಯೇ ಬರ್ಲಿಲ್ಲ. ಹೊಟ್ಟೆಗೆ ಹಾಕ್ಕೋ.”

“ಹೊಟ್ಟೆ ತುಂಬಿದೆ ಅಕ್ಕ,” ಎಂದಳು ಚಿಕ್ಕಮ್ಮ. “ಜಾಗ ಇಲ್ಲ.”

ಡ್ರೈವರು ನೆಲ ನೋಡುತ್ತ ನಿಂತಿದ್ದರು. ಇಷ್ಟು ದಿನ ಅವರ ತಲೆಯ ಮೇಲಿದ್ದ ಹಗೆ ಇದ್ದಕ್ಕಿದ್ದಂತೆ ಗುರಿ ಬದಲಾಯಿಸಿದ್ದು ಅವರಿಗೂ ತಿಳಿದಿರಬೇಕು. ಚಿಕ್ಕಮ್ಮ ಅವರಿಗೆ ಒಂದು ಕುರ್ಚಿ ಎಳೆದು ಕೊಟ್ಟು, “ಕೂತ್ಕೊಳ್ಳಿ ಸಾರ್, ನಿಮ್ಮ ಡ್ಯೂಟಿ ಮುಗೀತು,” ಎಂದಳು. ಆಮೇಲೆ ಮೇಜಿನಿಂದ ಕೈ ಬಿಟ್ಟು, ಅಕ್ಕನ ಎದುರಿಗೆ ಹೋಗಿ ನಿಂತಳು.

“ಎದ್ದೇಳು.”

“ಏನು?”

“ಎದ್ದೇಳು ಅಂದೆ. ಕುರ್ಚಿಗೆ ಕೈ ಊರದೆ. ಅಮ್ಮ ಹೇಳಿ ಮೂವತ್ತು ವರ್ಷ ಆಯ್ತಲ್ಲ? ಮೂವತ್ತು ಸಲ ಎದ್ದು ಕೂತ್ಕೋ. ನಾನು ಎಣಿಸ್ತೀನಿ.”

ಅಮ್ಮ ನನ್ನನ್ನು ನೋಡಿದಳು. ನಾನು ಅವಳ ಮಗಳು, ಆ ನೋಟಕ್ಕೆ ನಲವತ್ತು ವರ್ಷದಿಂದ ಓಡಿ ಹೋಗಿದ್ದೇನೆ. ಅವತ್ತು ಹೋಗಲಿಲ್ಲ. ಫಿಸಿಯೋಥೆರಪಿಯವಳಾಗಿ ಹೇಳಬೇಕಾದ್ದನ್ನಷ್ಟೇ ಹೇಳಿದೆ: “ಒಂದೇ ದಿನಕ್ಕೆ ಮೂವತ್ತು ಆಗಲ್ಲ ಚಿಕ್ಕಮ್ಮ. ಐದು ಸಾಕು.”

“ಸರಿ. ದಿನಕ್ಕೆ ಐದು. ಆರು ದಿನ ನಾನೇ ಇಲ್ಲಿಗೆ ಬರ್ತೀನಿ.”

“ಆರು ದಿನ ಆದ್ಮೇಲೆ?” ಎಂದಳು ಅಮ್ಮ, ಮೂಗು ಒರೆಸಿಕೊಳ್ಳುತ್ತ.

“ಆದ್ಮೇಲೆ ಮೆಟ್ಟಿಲು. ಮೂವತ್ತೆರಡೂ ಇಳಿದು, ಕ್ಲಾಸಿಗೆ ಬಂದು, ಅಷ್ಟೂ ಜನರ ಮುಂದೆ ಈಗ ಹೇಳಿದ್ದನ್ನ ಹೇಳ್ತೀಯ. ನಡೆಸದೆ ಬಿಡಲ್ಲ ನಿನ್ನನ್ನ. ಪಾದ ಹಿಂದಕ್ಕೆ ತಗೋ. ಮೂಗು ಮುಂದಕ್ಕೆ ಬರ್ಲಿ. ಏಳು.”

ಅಮ್ಮ ಎರಡು ಸಲ ಅರ್ಧ ಎದ್ದು ಧೊಪ್ಪನೆ ಕುಳಿತಳು. ಚಿಕ್ಕಮ್ಮ ಎರಡನ್ನೂ ಎಣಿಸಲಿಲ್ಲ. ಮೂರನೇ ಸಲ ಅಮ್ಮ ಹಲ್ಲು ಕಚ್ಚಿ, ಎದೆಯ ಮೇಲೆ ಕೈ ಕಟ್ಟಿಕೊಂಡು, ನಡುಗುವ ತೊಡೆಗಳ ಮೇಲೆ ಎದ್ದು ನಿಂತಳು. ತಂಗಿಯ ಎರಡು ಅಂಗೈ ಅವಳ ಬೆನ್ನಿನಿಂದ ನಾಲ್ಕು ಬೆರಳು ದೂರದಲ್ಲಿ ಕಾಯುತ್ತಿದ್ದವು, ಮುಟ್ಟಿರಲಿಲ್ಲ.

“ಒಂದು,” ಎಂದಳು ಚಿಕ್ಕಮ್ಮ. “ಕೂತ್ಕೋ.”